ಸೈಕಲ್‌ನಲ್ಲಿ ವಿಯೆನ್ನಾಗೆ ಹೊರಟಿದ್ದೀರಾ? ಹಿಂದಿನ ರಾತ್ರಿ ತುಲ್ನ್‌ನಲ್ಲಿ ಮಲಗಿ

ಜರ್ಮನಿಯ ಪಾಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ದಂಡೆಯ ಸೈಕಲ್ ದಾರಿ ಸುಮಾರು 320 ಕಿ.ಮೀ. ನಾನು ಎರಡು ಸಲ ತುಳಿದಿದ್ದೇನೆ. 2018ರಲ್ಲಿ ಮುನ್ನೂರು ಕಿ.ಮೀ. ನಗುತ್ತಾ ಬಂದು, ಕೊನೆಯ ಇಪ್ಪತ್ತರಲ್ಲಿ ಅತ್ತೆ. 2023ರಲ್ಲಿ ಅಳಲಿಲ್ಲ. ಕಾಲಿಗೆ ಹೊಸ ಬಲವೇನೂ ಬಂದಿರಲಿಲ್ಲ. ಊರೊಳಗೆ ಹೋಗುವ ಹೊತ್ತು ಬದಲಾಯಿಸಿದ್ದೆ, ಅಷ್ಟೇ.

ಮೊದಲ ಸಲ ಕೊನೆಯ ದಿನ ಸ್ಪಿಟ್ಸ್ ಅನ್ನುವ ಊರಿನಿಂದ ಹೊರಟಿದ್ದೆ. ಡ್ಯೂರ್ನ್‌ಸ್ಟೈನ್‌ನಲ್ಲಿ, ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192ರಲ್ಲಿ ಸೆರೆ ಇಟ್ಟಿದ್ದ ಕೋಟೆ ಹತ್ತಿ ಇಳಿದು, ಸುಮ್ನೆ ಎರಡು ಗಂಟೆ ಕಳೆದೆ. ಆಮೇಲೆ ನೂರು ಕಿ.ಮೀ. ಮುಗಿಸಲೇಬೇಕು ಅಂತ ಹಟ. ಶುಕ್ರವಾರ ಸಂಜೆ ಆರಕ್ಕೆ ವಿಯೆನ್ನಾ. ಫೋನಿನಲ್ಲಿ ಚಾರ್ಜ್ ಇಲ್ಲ, ಹೊಟ್ಟೆಯಲ್ಲಿ ಏನೂ ಇಲ್ಲ. ನದಿ ದಾರಿ ಬಿಟ್ಟು ಪೋರ್ಟ್‌ಸೆಲಾನ್‌ಗಾಸೆ ಅನ್ನುವ ಬೀದಿಗೆ ತಿರುಗಿದೆ. ಅಲ್ಲಿ ‘ಡಿ’ ಅನ್ನುವ ಮಾರ್ಗದ ಟ್ರಾಮ್ ಓಡುತ್ತದೆ. ಯಾರೋ ನಿಲ್ಲಿಸಿದ್ದ ಕಾರಿನ ಬಾಗಿಲು ತೆಗೆದರು. ಎಡಕ್ಕೆ ಸರಿದೆ. ಮುಂದಿನ ಚಕ್ರ ಹಳಿಯ ಸಂದಿಗೆ ಕೂತಿತು. ಸೈಕಲ್ ಅಲ್ಲೇ ನಿಂತಿತು, ನಾನು ಮುಂದಕ್ಕೆ ಹೋದೆ. ಮೊಣಕೈ ತರಚಿತು, ಬಲಗಡೆ ಬ್ಯಾಗಿನ ಕೊಕ್ಕೆ ಮುರಿಯಿತು, ಒಳಗಿದ್ದ ಮಾವಿನಕಾಯಿ ಉಪ್ಪಿನಕಾಯಿ ಬಾಟಲಿ ಒಡೆಯಿತು. ಸ್ಲೀಪಿಂಗ್ ಬ್ಯಾಗ್ ಇವತ್ತಿಗೂ ಸ್ವಲ್ಪ ಸಾಸಿವೆ ವಾಸನೆ ಹೊಡೆಯುತ್ತದೆ.

ಹಾಗಾಗಿ ಮೊದಲ ಮಾತು: ಹಿಂದಿನ ರಾತ್ರಿ ತುಲ್ನ್‌ನಲ್ಲಿ ಉಳಿಯಿರಿ. ಚಿತ್ರಕಾರ ಎಗೋನ್ ಷೀಲೆ ಹುಟ್ಟಿದ ಊರು. ಅಲ್ಲಿಂದ ವಿಯೆನ್ನಾ ಮಧ್ಯಕ್ಕೆ ನಲವತ್ತು ಕಿ.ಮೀ. ಒಳಗೇ. ಬೆಳಿಗ್ಗೆ ಏಳಕ್ಕೆ ಬಿಟ್ಟರೆ ಲಗೇಜ್ ಇದ್ದರೂ ಹತ್ತಕ್ಕೆಲ್ಲಾ ಊರೊಳಗೆ. ಆಗುವುದಾದರೆ ಭಾನುವಾರವೇ ಇಟ್ಟುಕೊಳ್ಳಿ, ರಸ್ತೆ ಖಾಲಿ. ಆದರೆ ಆಸ್ಟ್ರಿಯಾದಲ್ಲಿ ಭಾನುವಾರ ಸೂಪರ್‌ಮಾರ್ಕೆಟ್ ಬಂದ್, ಶನಿವಾರವೂ ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರೆ. ಬ್ರೆಡ್ಡು, ಬಾಳೆಹಣ್ಣು ತುಲ್ನ್‌ನಲ್ಲೇ ತಗೊಳ್ಳಿ. ಮರೆತರೆ ಪ್ರಾಟರ್‌ಸ್ಟರ್ನ್‌ನಂಥ ದೊಡ್ಡ ರೈಲು ನಿಲ್ದಾಣದ ಅಂಗಡಿಯೇ ಗತಿ. ಅಲ್ಲಿನ ಕ್ಯೂ ನೋಡಿದರೆ ಹಸಿವೇ ಹೋಗುತ್ತದೆ.

ಯಾವ ದಡ ಅನ್ನುವುದನ್ನೂ ತುಲ್ನ್ ಸೇತುವೆ ಹತ್ತಿರವೇ ತೀರ್ಮಾನ ಮಾಡಿ. ಟೆಂಟ್ ಹಾಕುವವರು, ನದಿಯಾಚೆ ರೂಮು ಮಾಡಿದವರು ಉತ್ತರ ದಡ ಹಿಡಿಯಿರಿ. ಅದು ಡೊನೌಇನ್ಸೆಲ್‌ಗೆ ಸೇರಿಸುತ್ತದೆ. ಪ್ರವಾಹ ತಡೆಯಲು ಕಟ್ಟಿದ 21 ಕಿ.ಮೀ. ಉದ್ದದ ದ್ವೀಪ, ಕಾರುಗಳ ಕಾಟ ಇಲ್ಲ. ಊರ ಮಧ್ಯೆ ಉಳಿಯುವವರಿಗೆ ದಕ್ಷಿಣ ದಡವೇ ಸರಿ. ನಾನು ಎರಡು ಸಲವೂ ಅದರಲ್ಲೇ ಬಂದದ್ದು.

ಈ ದಾರಿಯ ಮಜಾ ಏನು ಗೊತ್ತಾ? ಊರು ಬಂತು ಅಂತಲೇ ಅನ್ನಿಸುವುದಿಲ್ಲ. ನೆಲಮಂಗಲದ ಕಡೆಯಿಂದ ಬಂದರೆ ಇಪ್ಪತ್ತು ಕಿ.ಮೀ. ಮೊದಲೇ ಬೆಂಗಳೂರು ಮುಖಕ್ಕೆ ಬಡಿಯುತ್ತದಲ್ವಾ, ಇಲ್ಲಿ ಹಾಗಿಲ್ಲ. ಕ್ಲೋಸ್ಟರ್‌ನಾಯ್‌ಬುರ್ಗ್ ಮಠದ ಗೋಪುರ ಹಿಂದೆ ಸರಿಯುತ್ತದೆ. ಲಿಯೋಪೋಲ್ಡ್ಸ್‌ಬೆರ್ಗ್ ಗುಡ್ಡ ನದಿಯ ಅಂಚಿಗೇ ಬಂದು ನಿಲ್ಲುತ್ತದೆ, ರಸ್ತೆ, ರೈಲು, ಸೈಕಲ್ ದಾರಿ ಮೂರೂ ಅದರ ಬುಡದಲ್ಲಿ ಒತ್ತಿಕೊಂಡು ಸಾಗುತ್ತವೆ. ಅದು ದಾಟಿದರೆ ನುಸ್‌ಡೋರ್ಫ್. ಅಲ್ಲಿ ವಾಸ್ತುಶಿಲ್ಪಿ ಓಟೋ ವಾಗ್ನರ್ ವಿನ್ಯಾಸದ ಅಣೆಕಟ್ಟಿನ ಮೇಲೆ ಎರಡು ಕಂಚಿನ ಸಿಂಹಗಳು ಕೂತಿವೆ. ಅವು ಕಂಡ ಕೂಡಲೇ ಬಲಕ್ಕೆ ಅಂಟಿಕೊಳ್ಳಿ. ದೊಡ್ಡ ನದಿ ಎಡಕ್ಕೆ ಹೋಗುತ್ತದೆ, ನಿಮಗೆ ಬೇಕಾದದ್ದು ಬಲಗಡೆಯ ಡೊನೌಕನಾಲ್ ಕಾಲುವೆ. ಆಮೇಲೆ ದಾರಿ ಕೇಳುವ ಕೆಲಸವೇ ಇಲ್ಲ, ಕಾಲುವೆ ಬಿಡಬೇಡಿ, ಅಷ್ಟೇ. ತಲೆಗೆ ಚಿನ್ನದ ಗುಂಡು ಇಟ್ಟುಕೊಂಡ ಚಿಮಣಿ ಕಂಡರೆ ಅದು ಸ್ಪಿಟ್ಟೆಲೌ. ಊರಿನ ಕಸ ಸುಟ್ಟು ಮನೆಗಳಿಗೆ ಬಿಸಿ ಕಳಿಸುವ ಘಟಕ, ಕಲಾವಿದ ಹುಂಡರ್ಟ್‌ವಾಸರ್ ಅದಕ್ಕೆ ಬಣ್ಣದ ವೇಷ ಹಾಕಿದ್ದಾನೆ. ಅಲ್ಲಿಂದ ಊರ ಮಧ್ಯದ ಶ್ವೇಡನ್‌ಪ್ಲಾಟ್ಸ್ ಚೌಕ ಹದಿನೈದು ನಿಮಿಷ.

ಕಾಲುವೆಯಿಂದ ಮೇಲೆ ಹತ್ತಿದ ಮೇಲೆ ಅಸಲಿ ಪರೀಕ್ಷೆ. ಬಲಗಡೆ ಓಡಿಸಬೇಕು ಅನ್ನುವುದು ಆರು ದಿನದಲ್ಲಿ ರೂಢಿಯಾಗಿರುತ್ತದೆ, ಆದರೆ ಸುಸ್ತಾದಾಗ ತಲೆ ಮತ್ತೆ ಹಾಸನದ ಎಡಕ್ಕೆ ಎಳೆಯುತ್ತದೆ, ಹುಷಾರು. ಹಸಿರು ದೀಪ ನಾಲ್ಕು ಸಲ ಮಿನುಗಿ ಹಳದಿಯಾಗುತ್ತದೆ. ಮಿನುಗಲು ಶುರುವಾದರೆ ಲಗೇಜ್ ಸೈಕಲ್ ನಿಲ್ಲಿಸಿಬಿಡಿ. ಪ್ರವೇಶವಿಲ್ಲ ಅನ್ನುವ ಬೋರ್ಡಿನ ಕೆಳಗೆ ‘ಔಸ್‌ಗೆನೊಮ್ಮನ್’ (ಹೊರತುಪಡಿಸಿ) ಅಂತ ಬರೆದು ಸೈಕಲ್ ಚಿತ್ರ ಇದ್ದರೆ ಧೈರ್ಯವಾಗಿ ಹೋಗಿ, ಆ ಒನ್‌ವೇ ನಿಮಗಲ್ಲ. ಫುಟ್‌ಪಾತ್ ಮೇಲೆ ಮಾತ್ರ ತುಳಿಯಬೇಡಿ, ದಂಡ ಬೀಳುತ್ತದೆ. ಅಜ್ಜಿಯರ ಬೈಗುಳ ಅದಕ್ಕೂ ಮೊದಲೇ ಬೀಳುತ್ತದೆ.

ಇನ್ನು ಹಳಿ. ಟ್ರಾಮ್ ಹಳಿಯನ್ನು ಓರೆಯಾಗಿ ದಾಟಲೇಬೇಡಿ. ಮೊದಲು ಹಿಂದೆ ನೋಡಿ, ವೇಗ ಇಳಿಸಿ, ಹ್ಯಾಂಡಲ್ ತಿರುಗಿಸಿ, ಹಳಿಗೆ ಆದಷ್ಟು ನೇರವಾಗಿ ಅಡ್ಡ ಹಾಯಿರಿ. ಮಳೆ ಬಂದಿದ್ದರೆ ಇಳಿದು ತಳ್ಳಿ. ಎಡಕ್ಕೆ ತಿರುಗಬೇಕಾದಲ್ಲಿ ನಾನು ಈಗ ನೇರ ಹೋಗಿ, ಆಚೆ ಮೂಲೆಯಲ್ಲಿ ಇಳಿದು, ಪಾದಚಾರಿಗಳ ಜೊತೆ ದಾಟುತ್ತೇನೆ. ನೋಡಿದವರು ನಗಲಿ.

ಮಳೆ ಸುರಿದರೆ, ಮಂಡಿ ಕೈಕೊಟ್ಟರೆ ಹಟ ಬೇಡ. ತುಲ್ನ್, ಕ್ಲೋಸ್ಟರ್‌ನಾಯ್‌ಬುರ್ಗ್ ಎರಡೂ ಕಡೆಯಿಂದ ಎಸ್40 ರೈಲು ಫ್ರಾನ್ಸ್ ಯೋಸೆಫ್ಸ್ ನಿಲ್ದಾಣಕ್ಕೆ ಹೋಗುತ್ತದೆ. ಊರೊಳಗಿನ ಮೆಟ್ರೊದಲ್ಲೂ ಸೈಕಲ್ ಒಯ್ಯಬಹುದು, ವಾರದ ದಿನಗಳಲ್ಲಿ ಬೆಳಿಗ್ಗೆ, ಸಂಜೆಯ ರಶ್ ಹೊತ್ತು ಬಿಟ್ಟು. ಟ್ರಾಮ್‌ನಲ್ಲಿ ಬಿಡುವುದಿಲ್ಲ.

ರೂಮು ಬುಕ್ ಮಾಡುವಾಗ ‘ಸೈಕಲ್ ಇಡಲು ಜಾಗ ಇದೆಯಾ’ ಅಂತ ಕೇಳಿದರೆ ಸಾಲದು. ಎಲ್ಲಿ, ಎಷ್ಟು ಮೆಟ್ಟಿಲು ಅಂತ ಕೇಳಿ. ನನಗೆ ಒಂದು ಕಡೆ ‘ಇದೆ’ ಅಂದರು. ಹೋಗಿ ನೋಡಿದರೆ ಎರಡು ಮಹಡಿ ಕೆಳಗಿನ ನೆಲಮಾಳಿಗೆ, ಸುತ್ತು ಮೆಟ್ಟಿಲು. ಹಳೆ ಕಟ್ಟಡವಾದರೆ ಒಳಗಿನ ಅಂಗಳ ಕೇಳಿ, ಹಲವು ಕಡೆ ಇರುತ್ತದೆ. ಬ್ಯಾಗುಗಳ ಸಮೇತ ಸೈಕಲ್ಲನ್ನು ಸ್ಟೆಫಾನ್ಸ್‌ಡೋಮ್ ಚರ್ಚ್ ಮುಂದೆ ಬಿಟ್ಟು ಒಳಗೆ ಹೋಗುವ ಯೋಚನೆ ಇದ್ದರೆ ಈಗಲೇ ಬಿಡಿ.

ಬೆಳಿಗ್ಗೆ ಹತ್ತಕ್ಕೆ ಬಂದರೆ ರೂಮಿನ ಕೀ ಸಿಗುವುದಿಲ್ಲ, ನಿಜ. ಬ್ಯಾಗು ಇಟ್ಟುಕೊಳ್ಳಿ ಅಂತ ಕೇಳಿದರೆ ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ. ಬಾಟಲಿಗೆ ಬೀದಿ ನಲ್ಲಿಯ ನೀರು ತುಂಬಿಸಿ, ಬೆಟ್ಟದ ಊಟೆಯಿಂದ 1873ರಿಂದಲೂ ಕೊಳವೆಯಲ್ಲಿ ಬರುವ ನೀರು ಅದು. ಆಮೇಲೆ ಖಾಲಿ ಸೈಕಲ್ಲಿನಲ್ಲಿ ಹಳೆ ಊರನ್ನು ಬಳಸಿ ಹೋಗುವ ರಿಂಗ್‌ಸ್ಟ್ರಾಸೆ ರಸ್ತೆ ಸುತ್ತಿ, ಕಾಲುವೆ ಬದಿಯೂ ಸೇರಿದರೆ ಐದು ಕಿ.ಮೀ. ಚಿಲ್ಲರೆ. ಭಾರ ಇಳಿಸಿದ ಸೈಕಲ್ ಮೊದಲ ಹತ್ತು ನಿಮಿಷ ಕುಡಿದವರ ಹಾಗೆ ಓಲಾಡುತ್ತದೆ. ಒಪೆರಾ ಮುಂದೆ ಪ್ರವಾಸಿಗರು ಸೈಕಲ್ ದಾರಿಯ ಮೇಲೇ ನಿಂತು ಫೋಟೊ ತೆಗೆಯುತ್ತಿರುತ್ತಾರೆ. ಬೆಲ್ ಬಾರಿಸಿ.