ಎಫ್ ಕೀಲಿಯಿಂದ ರಜಾ ಅರ್ಜಿಯವರೆಗೆ

ಮಡಿಕೇರಿ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಏಳನೇ ತರಗತಿಯವರಿಗೆ ಕಂಪ್ಯೂಟರ್ ಹೇಳಿಕೊಡುವಾಗ ನಾನು ಮೊದಲ ದಿನವೇ ಕನ್ನಡ ಟೈಪಿಂಗ್ ಶುರು ಮಾಡುತ್ತೇನೆ. ಚಿತ್ರ ಬಿಡಿಸುವುದು, ಇಂಗ್ಲಿಷ್ ಟೈಪಿಂಗ್ ಎಲ್ಲ ಆಮೇಲೆ. ಊರ ಹೆಸರು ತಮ್ಮ ಕೈಯಿಂದಲೇ ಪರದೆ ಮೇಲೆ ಮೂಡಿದರೆ ಮಕ್ಕಳಿಗೆ ಕೀಲಿಮಣೆಯ ಅಂಜಿಕೆ ಇರುವುದಿಲ್ಲ.

ನಮ್ಮಲ್ಲಿರುವುದು 10 ಕಂಪ್ಯೂಟರ್. ಅವುಗಳಲ್ಲಿ ಉಬುಂಟು ಕಾರ್ಯಾಚರಣಾ ವ್ಯವಸ್ಥೆ, ಬರೆಯಲು ಲಿಬ್ರೆ ಆಫೀಸ್ ರೈಟರ್. ಕೀಲಿ ವಿನ್ಯಾಸ ಕೆ.ಪಿ. ರಾವ್ ಅವರದು, ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಇರುವುದೂ ಅದೇ. ಒಂದು ಯಂತ್ರಕ್ಕೆ ಇಬ್ಬರು: ಒಬ್ಬರು ಓದಿ ಹೇಳಬೇಕು, ಇನ್ನೊಬ್ಬರು ಟೈಪ್ ಮಾಡಬೇಕು. 15 ನಿಮಿಷಕ್ಕೆ ಜಾಗ ಬದಲು.

ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬು ಇರುತ್ತದೆ. ಕಣ್ಣು ಮುಚ್ಚಿ ಎರಡು ತೋರುಬೆರಳುಗಳಿಂದ ಅದನ್ನು ಹುಡುಕಿಸುತ್ತೇನೆ. ಎಡ ತೋರುಬೆರಳು ಕೂರುವ ಆ ಎಫ್ ಕೀಲಿಯೇ ಕನ್ನಡಕ್ಕೆ ಒತ್ತಕ್ಷರದ ಕೀಲಿ. ‘ಅಕ್ಕ’ ಬೇಕೆಂದರೆ ಎ, ಕೆ, ಎಫ್, ಕೆ. ಕೊಡಗಿನ ದೇವರು ‘ಇಗ್ಗುತಪ್ಪ’ನ ಹೆಸರಿಗೆ ಐ, ಜಿ, ಎಫ್, ಜಿ, ಯು, ಟಿ, ಪಿ, ಎಫ್, ಪಿ. ‘ಕೊಡಗು’ವಿಗೆ ಕೆ, ಓ, ಡಬ್ಲ್ಯೂ, ಜಿ, ಯು. ಡ ಇರುವುದು ಡಬ್ಲ್ಯೂನಲ್ಲಿ. ಕೊಡವ ತಕ್ಕಿನ, ಅಂದರೆ ಕೊಡವ ಭಾಷೆಯ, ಪದಗಳು ಅರ್ಧಾಕ್ಷರದಲ್ಲಿ ಮುಗಿಯುವುದು ಹೆಚ್ಚು, ಹಾಗಾಗಿ ‘ತಕ್ಕ್’ ಎಂದು ಬರೆಯಲು ಕೊನೆಗೂ ಒಂದು ಎಫ್ ಬೇಕು. ಮಕ್ಕಳು ಮನೆಮಾತಿನ ಪದಗಳನ್ನೇ ಕೇಳುತ್ತಾರೆ. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಇನ್ನೇನಿದೆ!

ತಪ್ಪಾಗುವುದು ಎರಡು ಕಡೆ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆದು ರೂಢಿಯಿದ್ದವರು ಪ್ರತಿ ವ್ಯಂಜನದ ಮುಂದೆ ಎ ಒತ್ತುತ್ತಾರೆ. ಇಲ್ಲಿ ಅದು ಬೇಡ, ‘ಕ’ದೊಳಗೆ ಅಕಾರ ಆಗಲೇ ಇದೆ. ಇನ್ನೊಂದು ಕ್ಯಾಪ್ಸ್ ಲಾಕ್. ಶಿಫ್ಟ್ ಹಿಡಿದರೆ ಮಹಾಪ್ರಾಣವೂ ದೀರ್ಘವೂ ಬರುವುದರಿಂದ, ಕ್ಯಾಪ್ಸ್ ಲಾಕ್ ಆನ್ ಆಗಿದ್ದರೆ ‘ಕೊಡಗು’ ಹೋಗಿ ‘ಖೋಢಘೂ’ ಆಗುತ್ತದೆ. ಯಂತ್ರ ಕೆಟ್ಟಿತೆಂದು ಮಕ್ಕಳು ಹೆದರುತ್ತಾರೆ. ಮೊದಲು ಕ್ಯಾಪ್ಸ್ ಲಾಕ್ ದೀಪ ನೋಡಲು ಕಲಿಸಿ.

ಐದಾರು ವಾರದ ನಂತರ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ರಜೆ ಕೇಳುವ ಅರ್ಜಿ. ಖಾಲಿ ಹಾಳೆ ತೆರೆದ ಕೂಡಲೇ, ಒಂದಕ್ಷರ ಬರೆಯುವ ಮೊದಲೇ, ಕಂಟ್ರೋಲ್ ಎಸ್ ಒತ್ತಿ ಹೆಸರು ಕೊಡಬೇಕು. ಮಳೆಗಾಲದಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ, ಯುಪಿಎಸ್ ಬ್ಯಾಟರಿ ಹಳತಾಗಿದ್ದರೆ ಎರಡು ನಿಮಿಷವೂ ನಿಲ್ಲದು. ಪ್ರತಿ ಪ್ಯಾರಾ ಮುಗಿದಾಗಲೂ ಮತ್ತೆ ಕಂಟ್ರೋಲ್ ಎಸ್. ತಾನಾಗಿ ಉಳಿಸುವ ಅವಧಿಯನ್ನೂ 2 ನಿಮಿಷಕ್ಕೆ ಇಳಿಸಿಟ್ಟಿದ್ದೇನೆ.

ವಿಷಯವನ್ನೆಲ್ಲ ಮೊದಲು ಬರೆದು ಮುಗಿಸಬೇಕು, ಅಲಂಕಾರ ನಂತರ. ದಿನಾಂಕವನ್ನು ಬಲಕ್ಕೆ ತರಲು ಮಕ್ಕಳು ಸ್ಪೇಸ್ ಬಾರನ್ನು ನಲವತ್ತು ಸಲ ಒತ್ತುತ್ತಾರೆ. ಅಕ್ಷರದ ಅಳತೆಯನ್ನು 12ರಿಂದ 14ಕ್ಕೆ ಏರಿಸಿದ್ದೇ ತಡ, ದಿನಾಂಕ ಮುಂದಿನ ಸಾಲಿಗೆ ಜಾರುತ್ತದೆ. ಆಗ ಕಂಟ್ರೋಲ್ ಎಫ್10 ಒತ್ತಿಸುತ್ತೇನೆ. ಒಂದೊಂದು ಸ್ಪೇಸೂ ಚುಕ್ಕಿಯಾಗಿ ಕಾಣುತ್ತದೆ, ಸಾಲುಗಟ್ಟಿದ ಚುಕ್ಕಿಗಳನ್ನು ನೋಡಿದ ಮಗು ತಾನೇ ಅಳಿಸಿ ಕಂಟ್ರೋಲ್ ಆರ್ ಒತ್ತುತ್ತದೆ. ಸಾಲು ಮುಗಿದಲ್ಲೆಲ್ಲ ಎಂಟರ್ ಒತ್ತುವ ಚಟವೂ ಇದರಿಂದಲೇ ಬಿಡುತ್ತದೆ. ಸಾಲುಗಳ ನಡುವಿನ ಅಂತರ ಒಂದೂವರೆ ಇರಲಿ. ಆ ಅಂತರವನ್ನು ಬಿಗಿಯಾಗಿ ನಿಗದಿ ಮಾಡಿದರೆ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ.

ಹಳೆಯ ನುಡಿ ಫಾಂಟಿನ ಪ್ರಶ್ನೆಪತ್ರಿಕೆ ತೆರೆದಾಗ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಫಾಂಟ್ ಬದಲಿಸಿದರೆ ಸಾಲದು, ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಜಾಗವಿರುವ ಸಂಕೇತಕ್ಕೆ, ಬದಲಿಸಿಕೊಳ್ಳಬೇಕು.

ನಮ್ಮ ಕಡೆ ಯಂತ್ರಗಳಿಗೆ ತೇವವೇ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ರಜೆ ಸಿಕ್ಕರೂ ಎರಡು ದಿನಕ್ಕೊಮ್ಮೆ ಎಲ್ಲ ಕಂಪ್ಯೂಟರನ್ನೂ ಅರ್ಧ ಗಂಟೆ ಓಡಿಸುತ್ತೇನೆ, ಆ ಬಿಸಿಗೆ ಒಳಗಿನ ಪಸೆ ಆರುತ್ತದೆ. ಏಪ್ರಿಲ್–ಮೇ ಗುಡುಗಿಗೆ ಪ್ಲಗ್ ಕೀಳುವುದರ ಜೊತೆ ನೆಟ್‌ವರ್ಕ್ ತಂತಿಯನ್ನೂ ಕೀಳಬೇಕು. ಅದು ಉಳಿದಿದ್ದರೆ ಸಿಡಿಲಿನ ಹೊಡೆತ ಅಲ್ಲಿಂದಲೇ ಒಳಗೆ ಬರುತ್ತದೆ.