ಮನೆಗೆ ಹೊಸ ಬಣ್ಣ ತರುವ ಮೊದಲು ನೆಲವನ್ನು ನೋಡಿ

ಮನೆಗೆ ಹೊಸ ಬಣ್ಣ ತರಬೇಕೆಂದು ಮನಸ್ಸಾದಾಗ ಹೆಚ್ಚಿನವರು ಮೊದಲು ನೋಡುವುದು ಗೋಡೆಯನ್ನು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಮನೆ ನಡೆಸಿ, ಹಲವು ಸಲ ಗೋಡೆಗೆ ಬಣ್ಣ ಹೊಡೆಸಿದ ನನಗೆ, ಮೊದಲು ನೋಡಬೇಕಾದದ್ದು ನೆಲವನ್ನು ಎಂಬುದು ಬಹಳ ತಡವಾಗಿ ತಿಳಿಯಿತು. ನೆಲದ ಕಲ್ಲು ಅಥವಾ ಟೈಲ್ಸ್, ಬಾಗಿಲು ಕಿಟಕಿಗಳ ಮರ, ದೊಡ್ಡ ಬೀರು, ಮಂಚ, ಸೋಫಾ ಇವು ಸುಲಭಕ್ಕೆ ಬದಲಾಗುವಂಥವಲ್ಲ. ಇವಕ್ಕೂ ಬಣ್ಣವಿದೆ, ಆದರೆ ದಿನವೂ ನೋಡಿ ನೋಡಿ ಅದು ನಮ್ಮ ಗಮನಕ್ಕೆ ಬಾರದಂತಾಗಿರುತ್ತದೆ. ಅಚ್ಚ ಬಿಳಿಯ ಕಾಗದವೊಂದನ್ನು ನೆಲದ ಮೇಲಿಟ್ಟು ಹಗಲಿನಲ್ಲಿ ನೋಡಿ. ಬರೀ ಬೂದು ಎಂದುಕೊಂಡಿದ್ದ ನೆಲದಲ್ಲಿ ಹಸಿರಿನದೋ ಗುಲಾಬಿಯದೋ ಹಳದಿಯದೋ ಒಂದು ಛಾಯೆ ಅಡಗಿರುವುದು ಆಗ ಗೊತ್ತಾಗುತ್ತದೆ. ಆ ಛಾಯೆಯೊಡನೆ ಹೊಂದದ ಬಣ್ಣವನ್ನು ಎಷ್ಟೇ ಇಷ್ಟಪಟ್ಟು ತಂದರೂ ಕೋಣೆಯಲ್ಲಿ ಅದು ಹೊರಗಿನಿಂದ ಬಂದು ಕುಳಿತಂತೆಯೇ ಕಾಣುತ್ತದೆ.

ಚಾಲ್ತಿಯಲ್ಲಿರುವ ಬಣ್ಣಗಳನ್ನು ಮನೆಗೆ ತರುವುದಕ್ಕೆ ನನ್ನ ಆಕ್ಷೇಪವಿಲ್ಲ. ಅವು ಮನೆಗೆ ಹೊಸ ಕಳೆ ಕೊಡುತ್ತವೆ. ಆದರೆ ಅವು ಎಷ್ಟು ಬೇಗ ಬದಲಾಗುತ್ತವೆ ಎಂಬುದನ್ನು ನೆನಪಿನಲ್ಲಿಡಬೇಕು. ಬಣ್ಣಗಳನ್ನು ಸಂಖ್ಯೆಗಳಿಂದ ಗುರುತಿಸುವ ಪ್ಯಾಂಟೋನ್ ಸಂಸ್ಥೆಯು 2000ನೇ ಇಸವಿಯಿಂದ ‘ವರ್ಷದ ಬಣ್ಣ’ವನ್ನು ಹೆಸರಿಸುತ್ತಾ ಬಂದಿದೆ. 2023ಕ್ಕೆ ಅದು ಆರಿಸಿದ್ದು ಕಡುಗೆಂಪು ಮಿಶ್ರಿತ ಗುಲಾಬಿಯಾದ ವಿವಾ ಮಜೆಂಟಾ. 2024ಕ್ಕೆ ಪೀಚ್ ಫಝ್ ಎಂಬ ತೆಳು ಕಿತ್ತಳೆಗುಲಾಬಿ. 2025ಕ್ಕೆ ಮೋಕಾ ಮೂಸ್ ಎಂಬ ಮೆದು ಕಂದು. ಮೂರು ವರ್ಷಗಳಲ್ಲಿ ಬಣ್ಣದ ರುಚಿ ಇಷ್ಟು ದೂರ ಸರಿಯುವಾಗ, ಒಮ್ಮೆ ಬಳಿದರೆ ಅದಕ್ಕಿಂತ ಹೆಚ್ಚು ಕಾಲ ಉಳಿಯುವ ಗೋಡೆಯನ್ನು ಅದರ ಹಿಂದೆ ಓಡಿಸುವುದು ಸರಿಯಲ್ಲ. ಒಳಾಂಗಣ ವಿನ್ಯಾಸಕಾರರಲ್ಲಿ 60–30–10 ಎಂಬ ಲೆಕ್ಕವೊಂದು ಬಳಕೆಯಲ್ಲಿದೆ: ಕೋಣೆಯ 60 ಪಾಲು ಗೋಡೆಯಂಥ ದೊಡ್ಡ ಮೈಗಳ ಶಾಂತ ಬಣ್ಣ, 30 ಪಾಲು ಪರದೆ, ಸೋಫಾ, ಗಂಬಳಿಗಳ ಎರಡನೆಯ ಬಣ್ಣ, ಉಳಿದ 10 ಪಾಲು ಕುಶನ್, ಹೂದಾನಿ, ಚಿತ್ರಪಟಗಳಂಥ ಚಿಕ್ಕ ವಸ್ತುಗಳ ಎದ್ದು ಕಾಣುವ ಬಣ್ಣ. ಅಳತೆಪಟ್ಟಿ ಹಿಡಿದು ಇದನ್ನು ಪಾಲಿಸಬೇಕಾಗಿಲ್ಲ. ಹೊಸ ಬಣ್ಣವನ್ನು ಮೊದಲು ಆ ಹತ್ತರ ಪಾಲಿನಲ್ಲಿ ಮನೆಗೆ ತಂದು, ಒಂದು ವರ್ಷ ಅದರೊಡನೆ ಬಾಳಿ ನೋಡಿ, ಆಮೇಲೂ ಹಿತವೆನಿಸಿದರೆ ಮಾತ್ರ ಪರದೆಗೋ ಗೋಡೆಗೋ ಏರಿಸುವುದು ನಾನು ರೂಢಿಸಿಕೊಂಡಿರುವ ಕ್ರಮ.

ಗೋಡೆಗೇ ಬಣ್ಣ ಬೇಕೆಂದು ತೀರ್ಮಾನಿಸಿದವರಿಗೆ ನನ್ನ ಒಂದು ತಪ್ಪನ್ನು ಹೇಳಲೇಬೇಕು. ಶೇಡ್ ಕಾರ್ಡಿನಲ್ಲಿ ಬೆರಳಿನುಗುರಿನಷ್ಟಿದ್ದ ತಿಳಿ ಹಳದಿಯ ಚೌಕವೊಂದನ್ನು ಮೆಚ್ಚಿ ಮಲಗುವ ಕೋಣೆಯ ನಾಲ್ಕೂ ಗೋಡೆಗಳಿಗೆ ಅದನ್ನೇ ಹೊಡೆಸಿದ್ದೆ. ಒಣಗಿದ ಮೇಲೆ ಕೋಣೆ ಕಣ್ಣು ಕುಕ್ಕುವಂತಾಯಿತು, ಮಧ್ಯಾಹ್ನದ ಹೊತ್ತಿನಲ್ಲಿ ಅಲ್ಲಿ ವಿಶ್ರಮಿಸುವುದೇ ಕಷ್ಟವಾಯಿತು. ಬಣ್ಣ ಕೊಟ್ಟವರು ಬೇರೆ ಡಬ್ಬಿ ಕೊಟ್ಟಿರಬೇಕೆಂದು ಆಗ ಭಾವಿಸಿದ್ದೆ, ಆದರೆ ಕಾರಣ ಅದಾಗಿರಲಿಲ್ಲ. ಒಂದೇ ಬಣ್ಣದ ಗೋಡೆಗಳು ಎದುರುಬದುರಾಗಿ ನಿಂತಾಗ ಒಂದರ ಮೇಲೆ ಬಿದ್ದ ಬೆಳಕು ಆ ಬಣ್ಣವನ್ನು ಹೊತ್ತು ಇನ್ನೊಂದರ ಮೇಲೆ ಬೀಳುತ್ತದೆ, ಅಲ್ಲಿಂದ ಮತ್ತೆ ಮರಳುತ್ತದೆ. ಹೀಗೆ ಪ್ರತಿ ಸಲವೂ ಬಣ್ಣ ಗಾಢವಾಗುತ್ತ ಹೋಗುತ್ತದೆ. ಆದ್ದರಿಂದ ಕಾರ್ಡಿನಲ್ಲಿ ಮೆಚ್ಚಿದ ಬಣ್ಣಕ್ಕಿಂತ ಒಂದೆರಡು ಮೆಟ್ಟಿಲು ತಿಳಿಯಾದದ್ದನ್ನು, ಅಥವಾ ತುಸು ಬೂದು ಬೆರೆತಂತಿರುವುದನ್ನು ಆರಿಸಿಕೊಂಡರೆ ಗೋಡೆಯ ಮೇಲೆ ಅದು ನಿಮ್ಮ ಮನಸ್ಸಿನಲ್ಲಿದ್ದ ಬಣ್ಣವಾಗಿಯೇ ಕಾಣುತ್ತದೆ.

ಇನ್ನೂ ಉತ್ತಮವಾದದ್ದು ಮಾದರಿಯನ್ನು ಬಳಿದು ನೋಡುವುದು. ನೇರವಾಗಿ ಗೋಡೆಯ ಮೇಲೆ ಬಳಿಯಬೇಡಿ, ಏಕೆಂದರೆ ಹಳೆಯ ಬಣ್ಣ ಸುತ್ತಲೂ ಇದ್ದು ಹೊಸದರ ನಿಜಸ್ವರೂಪವನ್ನು ಮರೆಸುತ್ತದೆ. ದಪ್ಪ ಬಿಳಿಯ ಹಾಳೆಯೊಂದರ ಮೇಲೆ, ಅಂಚಿನಲ್ಲಿ ಎರಡು ಬೆರಳಿನಷ್ಟು ಬಿಳಿ ಬಿಟ್ಟು, ಎರಡು ಕೋಟು ಬಳಿದು ಪೂರ್ತಿ ಒಣಗಲು ಬಿಡಿ. ಎಮಲ್ಷನ್ ಬಣ್ಣಗಳು ಸಾಮಾನ್ಯವಾಗಿ ಒಣಗಿದ ಮೇಲೆ ಸ್ವಲ್ಪ ಕಪ್ಪೇರುತ್ತವೆ. ಆ ಹಾಳೆಯನ್ನು ಒಂದು ದಿನ ಕಿಟಕಿಯ ಪಕ್ಕದ ಗೋಡೆಗೆ, ಇನ್ನೊಂದು ದಿನ ಮೂಲೆಗೆ ಅಂಟಿಸಿ ಬೆಳಿಗ್ಗೆ, ನಡುಹಗಲು, ಸಂಜೆ ಮತ್ತು ದೀಪ ಹಚ್ಚಿದ ಮೇಲೆ ನೋಡಬೇಕು. ಮುಸ್ಸಂಜೆಯ ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಬಲುಬೇಗ ಕಪ್ಪಾಗಿಯೂ ನೀಲಿ ಹೆಚ್ಚು ಬೆಳಗಿದಂತೆಯೂ ತೋರುವುದರಿಂದ, ಸಂಜೆ ಮಾತ್ರ ಬಳಸುವ ಕೋಣೆಗೆ ಹಗಲಿನಲ್ಲಿ ಕೆಂಪು ಆರಿಸುವುದು ಮೋಸಹೋಗುವ ದಾರಿ. ಅನೇಕ ತಯಾರಕರು ಪ್ರತಿ ಶೇಡಿಗೂ ಅದು ಎಷ್ಟು ಬೆಳಕನ್ನು ಮರಳಿ ಕೊಡುತ್ತದೆ ಎಂಬುದನ್ನು 0ಯಿಂದ 100ರವರೆಗಿನ ಅಂಕಿಯಲ್ಲಿ ಸೂಚಿಸುತ್ತಾರೆ. ಕಡುಗಪ್ಪು 0ಗೆ ಹತ್ತಿರ, ಅಚ್ಚ ಬಿಳಿ 100ಕ್ಕೆ ಹತ್ತಿರ. ಕಿಟಕಿ ಕಡಿಮೆಯಿರುವ ಕೋಣೆಗೆ ನಾನು 60ಕ್ಕಿಂತ ಕೆಳಗಿನದನ್ನು ಆರಿಸುವುದಿಲ್ಲ.

ದೀಪದ ವಿಚಾರದಲ್ಲಿ ಜನ ಬಹಳ ಉದಾಸೀನ ತೋರುತ್ತಾರೆ, ಅದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಎಲ್‌ಇಡಿ ದೀಪದ ಪೆಟ್ಟಿಗೆಯ ಮೇಲೆ ಕೆಲ್ವಿನ್‌ನಲ್ಲಿ ಒಂದು ಅಂಕಿ ಇರುತ್ತದೆ. 2700ರಿಂದ 3000 ಇದ್ದರೆ ಬೆಳಕು ಹಳದಿ ಬೆರೆತು ಬೆಚ್ಚಗಿರುತ್ತದೆ, ಇಟ್ಟಿಗೆ ಕೆಂಪು, ಸಾಸಿವೆ ಹಳದಿ, ಕಂದು ಬಣ್ಣಗಳು ಅದರಲ್ಲಿ ಅರಳುತ್ತವೆ. 6500ರ ಬೆಳಕು ನೀಲಿಗೆ ತಿರುಗಿದ ಬಿಳಿ. ಅದೇ ಇಟ್ಟಿಗೆ ಕೆಂಪು ಅಲ್ಲಿ ಕಳೆಗುಂದಿ ಕಾಣುತ್ತದೆ. ಬಣ್ಣಗಳನ್ನು ಇದ್ದಂತೆ ತೋರಿಸುವ ಸಾಮರ್ಥ್ಯಕ್ಕೆ ಸಿಆರ್‌ಐ ಎಂಬ ಇನ್ನೊಂದು ಅಂಕಿ ಇದೆ. ಅದು 90 ಅಥವಾ ಅದಕ್ಕೂ ಹೆಚ್ಚಿರುವ ದೀಪವನ್ನು ಕೂರುವ ಕೋಣೆಗೆ ತಂದರೆ, ಗೋಡೆಗೆ ಬಣ್ಣ ಹೊಡೆಯದೆಯೇ ಹಳೆಯ ಗಂಬಳಿಯೂ ಹೊಸತರಂತೆ ಕಾಣುವುದುಂಟು. ಒಂದೇ ಕೋಣೆಯಲ್ಲಿ ಬೇರೆ ಬೇರೆ ಕೆಲ್ವಿನ್‌ನ ದೀಪಗಳನ್ನು ಬೆರೆಸದಿರುವುದು ಒಳ್ಳೆಯದು.

ಅಂಗಡಿಯಲ್ಲಿ ಒಂದಕ್ಕೊಂದು ಸರಿಯಾಗಿ ಹೊಂದಿದ್ದ ಎರಡು ಬಟ್ಟೆಗಳು ಮನೆಗೆ ಬಂದ ಮೇಲೆ ಹೊಂದದಿರುವುದಕ್ಕೂ ಬೆಳಕೇ ಕಾರಣ. ಬೇರೆ ಬೇರೆ ಬಣ್ಣದ್ರವ್ಯಗಳಿಂದ ಮಾಡಿದ ಎರಡು ಬಣ್ಣಗಳು ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡು ಇನ್ನೊಂದು ಬೆಳಕಿನಲ್ಲಿ ಬೇರ್ಪಡಬಲ್ಲವು. ಬಟ್ಟೆಯ ತುಣುಕನ್ನು ಮನೆಗೆ ತಂದು ನೋಡದೆ ಪರದೆ ಹೊಲಿಸಬಾರದು. ಪಕ್ಕದ ಬಣ್ಣದ ಪ್ರಭಾವವೂ ಇಷ್ಟೇ ಮುಖ್ಯ. ಫ್ರಾನ್ಸಿನ ರಸಾಯನವಿಜ್ಞಾನಿ ಶೆವ್ರಲ್ ಪ್ಯಾರಿಸ್ಸಿನ ಗೋಬ್ಲಾ ನೇಯ್ಗೆಶಾಲೆಯಲ್ಲಿ ಬಣ್ಣ ಹಾಕುವ ವಿಭಾಗವನ್ನು ನೋಡಿಕೊಳ್ಳುತ್ತಿದ್ದಾಗ, ಅಲ್ಲಿನ ಕಪ್ಪು ನೂಲು ಕಳೆಗುಂದಿದೆ ಎಂಬ ದೂರು ಬಂದಿತ್ತು. ಪರೀಕ್ಷಿಸಿದಾಗ ಕಪ್ಪಿನಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೇಯ್ದಿದ್ದ ನೀಲಿ ನೇರಳೆಗಳು ಅದನ್ನು ಹಾಗೆ ತೋರಿಸುತ್ತಿದ್ದವು. ಅವರು 1839ರಲ್ಲಿ ಈ ವಿಷಯದ ಮೇಲೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಗಾಢ ಹಸಿರು ಗೋಡೆಯ ಮುಂದೆ ಇಳಿಬಿಟ್ಟ ಬೂದು ಪರದೆ ತುಸು ಕೆಂಪೇರಿದಂತೆ ಕಾಣುವುದು ಇದೇ ಕಾರಣಕ್ಕೆ. ಹೀಗಾಗಿ ಕುಶನ್ನಿನ ಬಟ್ಟೆಯನ್ನು ಸೋಫಾದ ಮೇಲಿಟ್ಟೇ ಆರಿಸಬೇಕು, ಕೈಯಲ್ಲಿ ಹಿಡಿದು ಆರಿಸಬಾರದು.

ಖರ್ಚು ಕಡಿಮೆ, ಫಲ ಹೆಚ್ಚು ಎನ್ನುವುದಾದರೆ ನನ್ನ ಮೊದಲ ಆಯ್ಕೆ ಯಾವತ್ತೂ ಬಟ್ಟೆಯೇ. ನಾಲ್ಕು ಕುಶನ್ ಕವರು, ಒಂದು ಮೇಜಿನ ಹಾಸು, ಮಂಚದ ಕಾಲ್ದೆಸೆಗೆ ಮಡಿಸಿಟ್ಟ ಒಂದು ಹೊದಿಕೆ, ಇಷ್ಟು ಬದಲಾದರೆ ಕೋಣೆ ಬದಲಾಗುತ್ತದೆ. ಆದರೆ ಹೊಸ ಬಣ್ಣ ಒಂದೇ ಕಡೆ ಒಂಟಿಯಾಗಿ ನಿಲ್ಲದಿರಲಿ. ಪಾಚಿ ಹಸಿರಿನ ಕುಶನ್ ತಂದರೆ, ಆ ಹಸಿರು ಕೋಣೆಯ ಇನ್ನೆರಡು ಕಡೆಯಾದರೂ, ಒಂದು ಕುಂಡದಲ್ಲೋ ಚಿತ್ರದ ಒಂದು ಮೂಲೆಯಲ್ಲೋ, ಕಣ್ಣಿಗೆ ಸಿಗುವಂತಿರಬೇಕು. ಮಾದರಿಗಳನ್ನು ಬೆರೆಸುವಾಗ ದೊಡ್ಡ ಹೂಗಳ ಬಟ್ಟೆಯ ಜೊತೆ ಸಣ್ಣ ಗೆರೆಯದನ್ನೂ ಪೂರ್ತಿ ಸಾದಾ ಬಟ್ಟೆಯನ್ನೂ ಇಟ್ಟರೆ ಗೊಂದಲವಾಗುವುದಿಲ್ಲ. ಒಂದೇ ಗಾತ್ರದ ಎರಡು ಮಾದರಿಗಳು ಮಾತ್ರ ಒಂದರೊಡನೊಂದು ಜಗಳವಾಡುತ್ತವೆ. ಗಾಢ ಬಣ್ಣದ ಹೊಸ ಬಟ್ಟೆಯನ್ನು ತಿಳಿ ಬಣ್ಣದ ಸೋಫಾದ ಮೇಲಿಡುವ ಮೊದಲು ಒದ್ದೆ ಬಿಳಿಬಟ್ಟೆಯಿಂದ ಅದರ ಒಳ ಮೂಲೆಯನ್ನು ಉಜ್ಜಿ ನೋಡಿ. ಬಣ್ಣ ಹತ್ತಿದರೆ ಬೇರೆಯಾಗಿ ಒಗೆಯುವವರೆಗೆ ಅದು ಕಪಾಟಿನಲ್ಲೇ ಇರಲಿ.

ಪರದೆಯ ಕಂಬಿಯನ್ನು ಕಿಟಕಿಯ ಚೌಕಟ್ಟಿಗೆ ತಾಗಿಸಿ ಹಾಕುವ ಬದಲು 10ರಿಂದ 15 ಸೆಂಟಿಮೀಟರ್ ಮೇಲಕ್ಕೂ, ಎರಡೂ ಬದಿಗೆ ಅಷ್ಟೇ ಹೊರಕ್ಕೂ ಹಾಕಿದರೆ ಚಿಕ್ಕ ಕಿಟಕಿಯೂ ದೊಡ್ಡದಾಗಿ ತೋರುತ್ತದೆ, ಪರದೆ ಸರಿಸಿದಾಗ ಬೆಳಕಿಗೆ ಅಡ್ಡಿಯೂ ಆಗುವುದಿಲ್ಲ. ಬಟ್ಟೆಯ ಅಗಲ ಕಂಬಿಯ ಉದ್ದದ ಎರಡರಷ್ಟಿದ್ದರೆ ನೆರಿಗೆ ಚೆನ್ನಾಗಿ ಬೀಳುತ್ತದೆ. ಬಿಸಿಲು ನೇರವಾಗಿ ಬೀಳುವ ಕಿಟಕಿಗೆ ಗಾಢ ಬಣ್ಣದ ಪರದೆ ಬೇಕೆಂದರೆ ಹಿಂಬದಿಗೆ ಬಿಳಿ ಅಸ್ತರಿ ಕೊಡಿಸಲೇಬೇಕು, ಇಲ್ಲವಾದರೆ ನೆರಿಗೆಯ ಅಂಚುಗಳಲ್ಲಿ ಉದ್ದುದ್ದ ಗೆರೆಗಳಾಗಿ ಬಣ್ಣ ಹೋಗುತ್ತದೆ.

ಪೂರ್ತಿ ಗೋಡೆಗೆ ಧೈರ್ಯ ಸಾಲದವರಿಗೆ ಪುಸ್ತಕದ ಕಪಾಟಿನ ಹಿಂಬದಿಯ ಹಲಗೆ ಒಳ್ಳೆಯ ಆರಂಭ. ಅಲ್ಲಿ ಕಡುನೀಲಿಯನ್ನೋ ಇಟ್ಟಿಗೆ ಕೆಂಪನ್ನೋ ಬಳಿದರೆ ಪುಸ್ತಕಗಳ ನಡುವಿನ ಸಂದಿಗಳಲ್ಲಷ್ಟೇ ಬಣ್ಣ ಇಣುಕುತ್ತದೆ. ಒಳಬಾಗಿಲೊಂದಕ್ಕೆ ಬಣ್ಣ ಕೊಡುವುದು ಎರಡನೆಯ ಹೆಜ್ಜೆ. ಮಕ್ಕಳಿರುವ ಮನೆಯಲ್ಲಿ ಗೋಡೆಯ ಕೆಳಗಿನ ಒಂದು ಮೀಟರಿಗೆ ತೊಳೆಯಲು ಬರುವ, ಸ್ವಲ್ಪ ಹೊಳಪಿನ ಗಾಢ ಬಣ್ಣವನ್ನೂ ಮೇಲೆ ತಿಳಿ ಬಣ್ಣವನ್ನೂ ಕೊಟ್ಟರೆ ಅಂದವೂ ಆಯಿತು, ಕೈಗುರುತು ಒರೆಸುವುದೂ ಸುಲಭವಾಯಿತು. ಹೊಳಪಿನ ಬಣ್ಣ ಗೋಡೆಯ ಉಬ್ಬುತಗ್ಗುಗಳನ್ನೆಲ್ಲ ಎತ್ತಿ ತೋರಿಸುವುದರಿಂದ ಮೊದಲು ಪುಟ್ಟಿ ಹಾಕಿ ಉಪ್ಪುಕಾಗದದಿಂದ ಉಜ್ಜಿ ಸಮಮಾಡಿಕೊಳ್ಳಬೇಕು. ಬಹಳ ಹಳೆಯ ಮನೆಯಾಗಿದ್ದರೆ ಇಲ್ಲೊಂದು ಎಚ್ಚರ ಅಗತ್ಯ: ಹಿಂದಿನ ಬಣ್ಣಗಳಲ್ಲಿ ಸೀಸ ಬಳಸುತ್ತಿದ್ದರು, ಅಂಥ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳು ಮಕ್ಕಳಿಗೆ ಮತ್ತು ಗರ್ಭಿಣಿಯರಿಗೆ ಬಹಳ ಅಪಾಯಕರ. ಸಂದೇಹವಿದ್ದರೆ ಪರೀಕ್ಷೆ ಮಾಡಿಸದೆ ಆ ಗೋಡೆಯನ್ನು ಮುಟ್ಟಬೇಡಿ.

ಎಷ್ಟು ಬಣ್ಣ ತರಬೇಕೆಂಬುದು ಸರಳ ಲೆಕ್ಕ. 4 ಮೀಟರ್ ಉದ್ದ, 3 ಮೀಟರ್ ಎತ್ತರದ ಒಂದು ಗೋಡೆ 12 ಚದರ ಮೀಟರ್. ಎರಡು ಕೋಟು ಬಳಿಯಲು 24 ಚದರ ಮೀಟರ್. ಸಮವಾದ ಗೋಡೆಯ ಮೇಲೆ ಲೀಟರಿಗೆ ಸುಮಾರು 10 ಚದರ ಮೀಟರ್ ಹಿಡಿದರೆ ಎರಡೂವರೆ ಲೀಟರ್ ಸಾಕು. ನಿಮ್ಮ ಬಣ್ಣದ ನಿಖರ ಪ್ರಮಾಣ ಡಬ್ಬಿಯ ಮೇಲೆ ಇರುತ್ತದೆ. ಒಂದಕ್ಕಿಂತ ಹೆಚ್ಚು ಡಬ್ಬಿ ಬೇಕಾದಾಗ ಎಲ್ಲವನ್ನೂ ದೊಡ್ಡ ಬಕೆಟಿನಲ್ಲಿ ಬೆರೆಸಿಕೊಂಡೇ ಆರಂಭಿಸಿ, ಡಬ್ಬಿಯಿಂದ ಡಬ್ಬಿಗೆ ಇರುವ ಸಣ್ಣ ವ್ಯತ್ಯಾಸ ಗೋಡೆಯ ನಡುವೆ ಗೆರೆಯಾಗಿ ಮೂಡುವುದಿಲ್ಲ. ಅಂಚಿಗೆ ಹಚ್ಚಿದ ಮಾಸ್ಕಿಂಗ್ ಟೇಪನ್ನು ಕೊನೆಯ ಕೋಟು ಪೂರ್ತಿ ಗಟ್ಟಿಯಾಗುವ ಮೊದಲೇ ನಿಧಾನವಾಗಿ ಓರೆಯಾಗಿ ಎಳೆಯಬೇಕು.

ಚಿತ್ರಗಳನ್ನು ಬಹುತೇಕರು ತೀರ ಮೇಲೆ ತೂಗುಹಾಕುತ್ತಾರೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಕಣ್ಣಿಗೆ ಹಿತ.

ವಯಸ್ಸಾದವರಿರುವ ಮನೆಯಲ್ಲಿ ಬಣ್ಣ ಅಂದಕ್ಕಷ್ಟೇ ಸೀಮಿತವಲ್ಲ. ಪ್ರಾಯ ಕಳೆದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ತಿಳಿ ನೀಲಿ ಮತ್ತು ಬೂದುಗಳ ನಡುವಿನ ವ್ಯತ್ಯಾಸ ಮಸುಕಾಗುತ್ತದೆ; ಇದನ್ನು ಈಗ ನನ್ನ ಕಣ್ಣುಗಳೇ ನನಗೆ ಹೇಳುತ್ತಿವೆ. ನೆಲ, ಗೋಡೆ, ಬಾಗಿಲು ಎಲ್ಲವೂ ಒಂದೇ ತಿಳಿ ಬಣ್ಣದಲ್ಲಿರುವ ಶೈಲಿ ನೋಡಲು ಚೆಂದವಾದರೂ ಮೆಟ್ಟಿಲು ಎಲ್ಲಿ ಮುಗಿಯಿತೆಂದು ತಿಳಿಯದೆ ಎಡವುವಂತಾಗುತ್ತದೆ. ಪ್ರತಿ ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲದ ಗಾಢ ಪಟ್ಟಿ, ಸ್ನಾನದ ಮನೆಯ ಬಾಗಿಲಿಗೆ ಗೋಡೆಗಿಂತ ಸ್ಪಷ್ಟವಾಗಿ ಬೇರೆಯಾದ ಬಣ್ಣ, ಬಿಳಿ ಗೋಡೆಯ ಮೇಲಿನ ಬಿಳಿ ಸ್ವಿಚ್ಚಿನ ಸುತ್ತ ಬಣ್ಣದ ಒಂದು ಚೌಕಟ್ಟು, ಕುಳಿತುಕೊಳ್ಳುವ ಕುರ್ಚಿಗೆ ನೆಲದ ಬಣ್ಣಕ್ಕೆ ಎದುರಾದ ಹೊದಿಕೆ ಇವನ್ನು ಕೊಡುವಾಗ ಈ ವರ್ಷದ ಚಾಲ್ತಿಯ ಬಣ್ಣವನ್ನೇ ಆರಿಸಿಕೊಳ್ಳಬಹುದು, ಗಾಢವಾಗಿದ್ದರೆ ಸಾಕು. ನಮ್ಮ ಮನೆಯ ಮೆಟ್ಟಿಲುಗಳ ಅಂಚಿಗೆ ಮೊಮ್ಮಗಳು ಆರಿಸಿದ್ದು ಇಟ್ಟಿಗೆ ಕೆಂಪನ್ನು. ಅದೇ ಕೆಂಪು ಕೂರುವ ಕೋಣೆಯ ಎರಡು ಕುಶನ್ನುಗಳಲ್ಲಿಯೂ ಬಾಗಿಲ ಬಳಿಯ ಕುಂಡದಲ್ಲಿಯೂ ಇದೆ, ಆ ಶೇಡಿನ ಸಂಖ್ಯೆ ಮತ್ತು ಬಳಿದ ತಿಂಗಳನ್ನು ಬರೆದ ಚೀಟಿ ಕಪಾಟಿನ ಬಾಗಿಲ ಒಳಮೈಗೆ ಅಂಟಿಕೊಂಡಿದೆ.