ಬೆಂಚಿನ ತೂತುಗಳ ಬಾಯಿಗೆ ರೌಟರ್‌ನಲ್ಲಿ ಚಾಂಫರ್: ನನ್ನ ಅನುಭವ

ಬಡಗಿ ಬೆಂಚಿನಲ್ಲಿ ಬೆಂಚ್ ಡಾಗ್‌ಗೆಂದು (ಮರದ ತುಂಡು ಜಾರದಂತೆ ತಡೆಯುವ ಗೂಟ) ಕೊರೆದ ತೂತು ಮೊದಲು ಹಾಳಾಗುವುದು ಬಾಯಿಯ ಹತ್ತಿರ. ಪ್ಲೈವುಡ್ ಬೆಂಚಾದರೆ ಮೇಲಿನ ವಿನೀರ್ ಪದರ ಒಂದು ಮಿ.ಮೀ. ಕೂಡ ಇರುವುದಿಲ್ಲ. ಡಾಗ್ ಹಾಕಿ ತೆಗೆಯುವಾಗ ಅಂಚಿಗೆ ತಗುಲಿ ಸಿಬಿರು ಏಳುತ್ತದೆ. ಒಂದು ಸಿಬಿರು ಎದ್ದರೆ ಸಾಕು, ಬೆಂಚು ಒರೆಸುವ ಬಟ್ಟೆಗೆ ಸಿಕ್ಕಿಕೊಂಡು ಉದ್ದಕ್ಕೂ ಕಿತ್ತು ಬರುತ್ತದೆ. ಹೋಲ್ಡ್‌ಫಾಸ್ಟ್ (ತೂತಿಗೆ ಬಡಿದು ತುಂಡನ್ನು ಬೆಂಚಿಗೆ ಒತ್ತಿ ಹಿಡಿಸುವ ಕಬ್ಬಿಣದ ಕೊಕ್ಕೆ) ಬಳಸುವವರಿಗೆ ಈ ಕಾಟ ಇನ್ನೂ ಜಾಸ್ತಿ. ಅದು ತೂತಿನೊಳಗೆ ಓರೆಯಾಗಿ ಕಚ್ಚಿ ನಿಲ್ಲುವುದರಿಂದ ಒತ್ತಡವೆಲ್ಲ ಮೇಲೆ ಒಂದು ಅಂಚಿಗೆ, ಕೆಳಗೆ ಅದರ ಎದುರಿನ ಅಂಚಿಗೆ ಬೀಳುತ್ತದೆ. ಹಾಗಾಗಿ ಚಾಂಫರ್ (ಅಂಚಿನ ಏಣನ್ನು ಓರೆಯಾಗಿ ಕತ್ತರಿಸಿ ತೆಗೆಯುವುದು) ಮೇಲ್ಗಡೆಗೆ ಎಷ್ಟು ಬೇಕೋ ಕೆಳಗಡೆಗೂ ಅಷ್ಟೇ ಬೇಕು. ಹಲಗೆಯನ್ನು ಕಾಲುಗಳ ಮೇಲೆ ಕೂರಿಸುವ ಮೊದಲೇ ಮಗುಚಿ ಕೆಳಗಿನದನ್ನು ಮುಗಿಸಿಬಿಡಬೇಕು. ಆಮೇಲೆ ಮಲಗಿಕೊಂಡು ರೌಟರ್ (ವೇಗವಾಗಿ ತಿರುಗುವ ಬಿಟ್ಟಿನಿಂದ ಮರ ಕೊರೆಯುವ ಕೈಯಂತ್ರ) ಹಿಡಿಯುವ ಕೆಲಸ ಯಾರಿಗೂ ಬೇಡ.

ಇಲ್ಲಿ ಹೇಳುತ್ತಿರುವುದು 18 ಮಿ.ಮೀ. ಪ್ಲೈವುಡ್ ಎರಡು ಪದರ ಅಂಟಿಸಿದ 36 ಮಿ.ಮೀ. ಹಲಗೆಯ ಬಗ್ಗೆ. ಸುತ್ತ ಅಂಚು ಮುಚ್ಚುವ ರಬ್ಬರ್‌ವುಡ್ ಪಟ್ಟಿ (ಲಿಪ್ಪಿಂಗ್), ತೂತುಗಳು ಮುಕ್ಕಾಲು ಇಂಚು, ಅಂದರೆ 19 ಮಿ.ಮೀ.

ಡ್ರಿಲ್ಲಿಗೆ ಕೌಂಟರ್‌ಸಿಂಕ್ ಬಿಟ್ (ತೂತಿನ ಬಾಯಿಯನ್ನು ಓರೆಯಾಗಿ ಅಗಲಿಸುವ ಬಿಟ್) ಹಾಕಿ ಮುಗಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಕೈಯಲ್ಲಿ ಹಿಡಿದ ಡ್ರಿಲ್ ಇಷ್ಟು ದೊಡ್ಡ ತೂತಿನಲ್ಲಿ ನಡುಗುತ್ತದೆ, ಬಾಯಿ ದುಂಡಗಾಗದೆ ಹಲ್ಲುಹಲ್ಲಾಗುತ್ತದೆ, ಒಂದೊಂದು ತೂತಿಗೆ ಒಂದೊಂದು ಆಳ ಬರುತ್ತದೆ. ರೌಟರ್‌ನಲ್ಲಿ ಆಳವನ್ನು ಅದರ ಅಡಿತಟ್ಟೆ (ಬೇಸ್) ನಿರ್ಧರಿಸುತ್ತದೆ, ದುಂಡನ್ನು ತೂತಿನ ಗೋಡೆಯ ಮೇಲೆ ಉರುಳುವ ಬೇರಿಂಗ್ ನಿರ್ಧರಿಸುತ್ತದೆ. 24 ತೂತಿದ್ದರೆ 24ಕ್ಕೂ ಒಂದೇ ಬಾಯಿ.

ಬಿಟ್ 45 ಡಿಗ್ರಿಯದು, ತುದಿಯಲ್ಲಿ ಬೇರಿಂಗ್ ಇರುವಂಥದ್ದು. ಒಟ್ಟು ವ್ಯಾಸ 25 ಮಿ.ಮೀ. ಇದ್ದರೆ ಸಾಕು. 32ರದ್ದು ಟ್ರಿಮ್ಮರ್ ಎನ್ನುವ ಚಿಕ್ಕ ರೌಟರ್‌ಗಳಲ್ಲಿ ಕೆಲವದರ ಬೇಸ್ ಬಾಯಿಯಲ್ಲಿ ಹಿಡಿಸುವುದೇ ಇಲ್ಲ. ಜೊತೆಗೆ ವೇಗ ಬದಲಿಸಲಾಗದ ಟ್ರಿಮ್ಮರ್ ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 30,000 ಸುತ್ತು ತಿರುಗುತ್ತದೆ. ಬಿಟ್ಟಿನ ಮೇಲೋ ಡಬ್ಬಿಯ ಮೇಲೋ ಬರೆದಿರುವ ಗರಿಷ್ಠ ವೇಗ ಅದಕ್ಕಿಂತ ಕಡಿಮೆ ಇದ್ದರೆ ಆ ಬಿಟ್ಟನ್ನು ಮುಟ್ಟಬಾರದು. ಶ್ಯಾಂಕ್ (ರೌಟರಿಗೆ ಸಿಕ್ಕಿಸುವ ಬಿಟ್ಟಿನ ಕಡ್ಡಿ) ನೋಡದೆ ಕೊಳ್ಳಲೂಬೇಡಿ. ನಮ್ಮಲ್ಲಿ 6 ಮಿ.ಮೀ., ಕಾಲು ಇಂಚು ಎರಡೂ ಸಿಗುತ್ತವೆ. ಕಾಲು ಇಂಚು ಎಂದರೆ 6.35. ಅದು 6ರ ಕಾಲೆಟ್ಟಿಗೆ (ಶ್ಯಾಂಕನ್ನು ಕಚ್ಚಿ ಹಿಡಿಯುವ ರೌಟರಿನ ಭಾಗ) ಹೋಗುವುದಿಲ್ಲ, ಅದರಿಂದ ಅಪಾಯವೇನೂ ಇಲ್ಲ. ಅಪಾಯ ಇರುವುದು 6ರ ಬಿಟ್ಟನ್ನು ಕಾಲು ಇಂಚಿನ ಕಾಲೆಟ್ಟಿಗೆ ಹಾಕಿದಾಗ. ಬಿಗಿ ಮಾಡಿದಂತೆ ಕಾಣುತ್ತದೆ, ಕೆಲಸದ ಮಧ್ಯೆ ಜಾರಿ ಕೆಳಗಿಳಿಯುತ್ತದೆ. ಶ್ಯಾಂಕನ್ನು ಪೂರ್ತಿ ಒಳಗೆ ತಳ್ಳಿ, 2-3 ಮಿ.ಮೀ. ಹಿಂದಕ್ಕೆ ಎಳೆದು, ಆಮೇಲೆ ನಟ್ ಬಿಗಿ ಮಾಡಬೇಕು. ಇದೆಲ್ಲ ಪ್ಲಗ್ ತೆಗೆದ ಮೇಲಿನ ಮಾತು.

ಈಗ ಆಳ. ಈ ಕೆಲಸದಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ. ಸಾಮಾನ್ಯ ಬೇರಿಂಗಿನ ವ್ಯಾಸ 12.7 ಮಿ.ಮೀ., ಅರ್ಧಕ್ಕೆ 6.35. ತೂತಿನ ಅರ್ಧ 9.5. ವ್ಯತ್ಯಾಸ 3.15. ಬಿಟ್ಟನ್ನು ತೂತಿನ ನಟ್ಟನಡುವೆ ಇಳಿಸಿ ನಿಲ್ಲಿಸಿದಾಗ ಸುತ್ತಲೂ ಇರುವ ಜಾಗ ಇಷ್ಟೇ. 45 ಡಿಗ್ರಿಯಲ್ಲಿ ಎಷ್ಟು ಆಳವೋ ಅಷ್ಟೇ ಅಗಲ. 2 ಮಿ.ಮೀ.ಗೆ ಇಟ್ಟರೆ ಬ್ಲೇಡಿಗೂ ಬಾಯಿಗೂ ನಡುವೆ ಸುತ್ತ 1.15 ಮಿ.ಮೀ. ಉಳಿಯುತ್ತದೆ, ರೌಟರನ್ನು ಸಪಾಟಾಗಿ ಕೂರಿಸಿ ನೆಮ್ಮದಿಯಿಂದ ಸ್ವಿಚ್ ಹಾಕಬಹುದು. 3ಕ್ಕೆ ಇಟ್ಟರೆ ಉಳಿಯುವುದು 0.15, ಇಲ್ಲವೆಂದೇ ಲೆಕ್ಕ. ಸ್ವಿಚ್ ಹಾಕಿದ ಕ್ಷಣ ಬ್ಲೇಡ್ ಮರಕ್ಕೆ ಬಡಿದು ರೌಟರ್ ಕೈಯಲ್ಲಿ ಎಗರುತ್ತದೆ, ಬಾಯಿಯಲ್ಲಿ ಕಚ್ಚು ಬೀಳುತ್ತದೆ. ಓರೆಯಾಗಿ ಹಿಡಿದು ತಿರುಗುವ ಬಿಟ್ಟನ್ನು ಇಳಿಸುವುದು ಇನ್ನೂ ಕೆಟ್ಟ ಉಪಾಯ. 3 ಮಿ.ಮೀ. ಬೇಕೇ ಬೇಕೆಂದರೆ 9.5 ಮಿ.ಮೀ. ಬೇರಿಂಗ್ ಇರುವ ಬಿಟ್ ತರಬೇಕು, ಆಗ ಜಾಗ 4.75 ಆಗುತ್ತದೆ. ನನ್ನ ಮಟ್ಟಿಗೆ 2 ಮಿ.ಮೀ. ಸರಿಯಾದ ಅಳತೆ. ಬಾಯಿ 19ರಿಂದ 23 ಆಗುತ್ತದೆ, ಮೇಲೆ ಕೆಳಗೆ ಎರಡೆರಡು ಹೋದರೂ ಡಾಗ್ ಹಿಡಿಯಲು 32 ಮಿ.ಮೀ. ನೇರ ಗೋಡೆ ಉಳಿಯುತ್ತದೆ. ಒಂದೇ ಪದರದ 18 ಮಿ.ಮೀ. ಹಲಗೆಯಾದರೆ 1 ಮಿ.ಮೀ. ದಾಟಬೇಡಿ.

ಆಳವನ್ನು ಸ್ಕೇಲ್ ನೋಡಿ ನಂಬುವುದಕ್ಕಿಂತ ಅದೇ ಪ್ಲೈವುಡ್ಡಿನ ತುಂಡಿನಲ್ಲಿ ಅದೇ ಡ್ರಿಲ್ ಬಿಟ್ಟಿನಿಂದ ತೂತು ಕೊರೆದು ಒಂದು ಸಲ ಹೊಡೆದು, ಬಾಯಿಯನ್ನು ಕ್ಯಾಲಿಪರ್‌ನಲ್ಲಿ ಅಳೆಯಿರಿ. 23 ಬಂದರೆ ಲಾಕ್ ಮಾಡಿ.

ತೂತಿನೊಳಗೆ ಹೊಟ್ಟು ಇರಬಾರದು. ಬೇರಿಂಗ್ ಉರುಳುವುದು ಬಾಯಿಯ ಕೆಳಗಿನ ಗೋಡೆಯ ಮೇಲೆ. ಅಲ್ಲಿ ಅಂಟಿನ ಹನಿಯೋ ಹೊಟ್ಟಿನ ಗಂಟೋ ಇದ್ದರೆ ಅದರ ಉಬ್ಬು ಹಾಗೆಯೇ ಚಾಂಫರಿನಲ್ಲಿ ಮೂಡುತ್ತದೆ. ರೌಟರ್ ಬೇಸ್ ಪೂರ್ತಿ ಹಲಗೆಯ ಮೇಲೆ ಕೂರಲಿ. ಸ್ವಿಚ್ ಹಾಕಿ, ಪೂರ್ಣ ವೇಗಕ್ಕೆ ಬರುವ ತನಕ ನಡುವಿನಲ್ಲೇ ನಿಲ್ಲಿಸಿ. ಆಮೇಲೆ ನಿಧಾನಕ್ಕೆ ನಿಮ್ಮ ಕಡೆ ಎಳೆಯಿರಿ; ಬೇರಿಂಗ್ ಗೋಡೆಗೆ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಅಲ್ಲಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಒಂದು ಸುತ್ತು. 19ರ ತೂತಿನ ಸುತ್ತಳತೆ ಸುಮಾರು 60 ಮಿ.ಮೀ., ಅದಕ್ಕೆ ಎರಡು ಮೂರು ಸೆಕೆಂಡು ಧಾರಾಳ. ನಿಲ್ಲದೆ ಇನ್ನೊಂದು ಸುತ್ತು ಹಗುರವಾಗಿ ಹೋಗಿ, ನಡುವಿಗೆ ತಂದು ಸ್ವಿಚ್ ಆರಿಸಿ, ಬಿಟ್ ಪೂರ್ತಿ ನಿಂತ ಮೇಲೆ ಎತ್ತಿ. ತಿರುಗುತ್ತಿರುವಾಗಲೇ ಎತ್ತಿದರೆ ಚೆನ್ನಾಗಿ ಬಂದ ಬಾಯಿಗೆ ಕೊನೇ ಕ್ಷಣದಲ್ಲಿ ಗೀರು ಬೀಳುತ್ತದೆ.

ಕಪ್ಪು ಸುಟ್ಟ ಗುರುತು ಬರುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಒಂದೇ ಕಡೆ ನಿಲ್ಲಿಸುವುದು, ಇಲ್ಲವೇ ಬೇರಿಂಗ್ ಹಿಡಿದುಕೊಂಡಿರುವುದು. ಬೇರಿಂಗ್ ಜಾಮ್ ಆದರೆ ಅದೂ ಬಿಟ್ಟಿನ ಜೊತೆಗೇ ತಿರುಗಿ ಗೋಡೆಯನ್ನು ಉಜ್ಜಿ ಸುಡುತ್ತದೆ. ಪ್ಲಗ್ ತೆಗೆದು ಬೇರಿಂಗನ್ನು ಬೆರಳಿನಿಂದ ತಿರುಗಿಸಿ ನೋಡಿ, ಸರಾಗ ತಿರುಗಬೇಕು. ಬ್ಲೇಡಿಗೆ ಮೆತ್ತಿದ ಅಂಟು, ಮರದ ಮೇಣವನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಬಹುದು. ಬೇರಿಂಗನ್ನು ಮಾತ್ರ ಅದರಲ್ಲಿ ಅದ್ದಬೇಡಿ, ಒಳಗಿನ ಗ್ರೀಸ್ ಕರಗಿ ಹೋಗುತ್ತದೆ. ಸುಟ್ಟ ಗುರುತನ್ನು ಸ್ಯಾಂಡ್‌ಪೇಪರ್ ಹಾಕಿ ತೆಗೆಯಹೊರಟರೆ ಏಣು ದುಂಡಾಗುತ್ತದೆ. ಅದಕ್ಕೇ ಮೊದಲು 1.7ಕ್ಕೆ ಹೊಡೆದು, ಕೊನೆಯ 0.3ನ್ನು ಬೇಗ ಒಂದು ಸುತ್ತಿನಲ್ಲಿ ತೆಗೆಯುವುದು ಒಳ್ಳೆಯದು.

ಹಲಗೆಯ ಹೊರ ಅಂಚಿಗೆ ಅದೇ ಬಿಟ್, ಆಳ 3 ಮಿ.ಮೀ., ಎರಡು ಸಲದಲ್ಲಿ. ಇಲ್ಲಿ ದಿಕ್ಕು ಉಲ್ಟಾ: ಮೇಲಿನಿಂದ ನೋಡಿದರೆ ಹಲಗೆಯ ಸುತ್ತ ಅಪ್ರದಕ್ಷಿಣೆ. ಅಂಚು ನಿಮ್ಮ ಹೊಟ್ಟೆಯ ಕಡೆ ಇದ್ದರೆ ಎಡದಿಂದ ಬಲಕ್ಕೆ ಎಂದು ನೆನಪಿಟ್ಟುಕೊಳ್ಳಿ. ತಪ್ಪು ದಿಕ್ಕಿನಲ್ಲಿ ಹೋದರೆ ಬ್ಲೇಡ್ ಮರವನ್ನು ಕೊರೆಯುವ ಬದಲು ಅದರ ಮೇಲೆ ಹತ್ತಿ ಓಡುತ್ತದೆ, ರೌಟರ್ ಕೈ ಬಿಡಿಸಿಕೊಳ್ಳುತ್ತದೆ. ಎಳೆ ಕಡಿದಿರುವ ಗಿಡ್ಡ ಬದಿಗಳನ್ನು ಮೊದಲು ಹೊಡೆಯಬೇಕು. ಮೂಲೆಯಲ್ಲಿ ಸ್ವಲ್ಪ ಕಿತ್ತರೂ ಆಮೇಲೆ ಉದ್ದ ಬದಿ ಹೊಡೆಯುವಾಗ ಅದು ಹೋಗುತ್ತದೆ. ಮೂಲೆಯಲ್ಲಿ ಬೇಸಿನ ಮುಕ್ಕಾಲು ಭಾಗ ಗಾಳಿಯಲ್ಲಿರುತ್ತದೆ. ಅಲ್ಲಿ ತೂಕವೆಲ್ಲ ಹಲಗೆಯ ಕಡೆಯ ಕೈಯಲ್ಲಿರಲಿ, ಇಲ್ಲವಾದರೆ ರೌಟರ್ ಬಾಗಿ ಬಿಟ್ ಒಳಗೆ ಕೊರೆಯುತ್ತದೆ.

ಲಿಪ್ಪಿಂಗ್ ಇಲ್ಲದ ಪ್ಲೈವುಡ್ ಅಂಚಾದರೆ ಇನ್ನೊಂದು ತೊಂದರೆ ಕಾದಿರುತ್ತದೆ. ಅಗ್ಗದ ಪ್ಲೈಯಲ್ಲಿ ಪದರಗಳ ನಡುವೆ ಗ್ಯಾಪ್ ಇರುತ್ತದೆ. ಬೇರಿಂಗ್ ಅದರೊಳಗೆ ಇಳಿದ ಕಡೆಯಲ್ಲೆಲ್ಲ ಚಾಂಫರ್ ಅಗಲವಾಗಿ, ಅಂಚು ಅಲೆಅಲೆಯಾಗುತ್ತದೆ. ಮರದ ಹುಡಿ, ಅಂಟು ಕಲಸಿ ಗ್ಯಾಪ್ ತುಂಬಿ, ಒಂದು ರಾತ್ರಿ ಒಣಗಿಸಿ, ಸಪಾಟು ಮಾಡಿ ಆಮೇಲೆ ಹೊಡೆಯಿರಿ. ಅಥವಾ ಬೇರಿಂಗನ್ನು ನೆಚ್ಚದೆ ರೌಟರ್‌ನ ಸೈಡ್ ಗೈಡ್ ಬಳಸಿ.

ಮುಂಭಾಗದಲ್ಲಿ ವೈಸ್ ಕೂರುವ ಕಡೆ ನಾನು 3 ಮಿ.ಮೀ. ಹೊಡೆಯುವುದಿಲ್ಲ, 1 ಮಿ.ಮೀ.ಗೆ ನಿಲ್ಲಿಸುತ್ತೇನೆ. ತೆಳು ತುಂಡನ್ನು ಕಚ್ಚಿ ಹಿಡಿಯುವಾಗ ಅಂಚಿನ ತನಕ ಆಧಾರ ಬೇಕು. ಕಾಲುಗಳ ಬುಡಕ್ಕೆ ಮಾತ್ರ ಧೈರ್ಯವಾಗಿ 5 ಮಿ.ಮೀ. ತೆಗೆಯಿರಿ, ಬೆಂಚು ಎಳೆದಾಡುವಾಗ ಸಿಪ್ಪೆ ಏಳುವುದು ಅಲ್ಲಿಂದಲೇ.

ಘನ ಮರದ ಬೆಂಚಾದರೆ ಹತ್ತರಿ ಹೊಡೆದು ಸಮತಟ್ಟು ಮಾಡುವ ಕೆಲಸ ಮುಗಿದ ಮೇಲೆಯೇ ಚಾಂಫರ್. ಮೊದಲೇ ಮಾಡಿದರೆ ಮೇಲಿನ 1 ಮಿ.ಮೀ. ತೆಗೆಯುವಷ್ಟರಲ್ಲಿ 23ರ ಬಾಯಿ 21ಕ್ಕೆ ಇಳಿದಿರುತ್ತದೆ. ಕೊನೆಗೆ ಹೊಸದಾಗಿ ತೆರೆದ ಮುಖಗಳಿಗೆ ಅಗಸೆ ಎಣ್ಣೆ ಒಂದು ಕೋಟ್, ಬಟ್ಟೆಯಿಂದ ತೆಳ್ಳಗೆ. ಅದನ್ನು ಚಾಂಫರಿಗೆ ಮಾತ್ರ ಹಚ್ಚಿ. ತೂತಿನ ಗೋಡೆಗೆ ಎಣ್ಣೆಯಾಗಲಿ ವಾರ್ನಿಶ್ ಆಗಲಿ ಬೇಡ, ಡಾಗ್ ಬಿಗಿಯಾಗುತ್ತದೆ, ಹೋಲ್ಡ್‌ಫಾಸ್ಟ್ ಜಾರುತ್ತದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಹರಡಿ ಒಣಹಾಕಿ.